ಗಡಿ ದಾಟಿದ ಸಂಸಾರ, ಗಡಿ ದಾಟದ ನೋಂದಣಿ

ರಾಯದುರ್ಗದ ಹುಡುಗಿ ಬಳ್ಳಾರಿಗೆ ಸೊಸೆಯಾಗಿ ಹೋಗೋದು, ಶಿರಾ ಸೀಮೆಯ ಹೆಣ್ಣುಮಗಳು ಮಡಕಶಿರಾದ ಮನೆ ತುಂಬೋದು ಈ ಭಾಗದಲ್ಲಿ ಯಾರಿಗೂ ಸುದ್ದಿಯಲ್ಲ. ಲಗ್ನಪತ್ರಿಕೆಯಲ್ಲಿ ಒಂದು ಮನೆಯ ವಿಳಾಸ ಆಂಧ್ರ, ಇನ್ನೊಂದು ಮನೆಯದು ಕರ್ನಾಟಕ ಅಂತ ಇದ್ದರೂ ಬೀಗರು ಬೀಗರೇ. ಬಾಸಿಂಗ ಕಟ್ಟುವಾಗ ಚೆಕ್‌ಪೋಸ್ಟ್ ಎಲ್ಲಿದೆ ಅಂತ ಯಾರೂ ಕೇಳೋದಿಲ್ಲ. ಆದರೆ ಅದೇ ಸಂಸಾರ ಹಳಿ ತಪ್ಪಿದಾಗ ಗಡಿ ಎದ್ದು ನಿಲ್ಲುತ್ತದೆ. ಮುರಿಯುತ್ತಿರುವ ಮನೆಯನ್ನು ಕೂಡಿಸಲು ಓದಿ, ತರಬೇತಿ ಪಡೆದು, ಹೆಸರು ನೋಂದಾಯಿಸಿಕೊಂಡವರು ಇದ್ದಾರೆ. ಆದರೆ ಅವರ ನೋಂದಣಿ ಒಂದು ರಾಜ್ಯದ್ದು, ಸಂಕಟ ಎರಡು ರಾಜ್ಯದ್ದು. ಈ ತೊಡಕನ್ನು ಅಮರಾವತಿ, ಬೆಂಗಳೂರು ಎರಡೂ ಕಡೆಯವರು ಕೂತು ಬಿಡಿಸಬೇಕು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನೋ ಗಾದೆ ಎಲ್ಲ ಜಗಳಕ್ಕೂ ಹೊಂದೋದಿಲ್ಲ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿದೇ ಬದುಕುವ ಮನೆಗಳಿವೆ. ಆರ್ಡರ್ ಇದ್ದರೆ ಹಗಲು ರಾತ್ರಿ ಮಿಷನ್ನು, ಇಲ್ಲದಿದ್ದರೆ ಸಾಲ. ಮಡಕಶಿರಾ ಕಡೆ ಮಳೆ ಕೈಕೊಟ್ಟ ವರ್ಷ ಗಂಡ ಬೆಂಗಳೂರಿಗೆ ಕೂಲಿಗೆ ಹೋಗುತ್ತಾನೆ, ಹೆಂಡತಿ ಅತ್ತೆ ಮಾವನ ಜೊತೆ ಊರಲ್ಲಿ ಉಳಿಯುತ್ತಾಳೆ. ಕುಡಿತ, ಕೈಸಾಲ, ಮೊಬೈಲ್ ಫೋನಿನಿಂದ ಹುಟ್ಟಿದ ಅನುಮಾನ, ಮಕ್ಕಳಾಗಲಿಲ್ಲ ಅನ್ನೋ ಚುಚ್ಚುಮಾತು, ಬಾಣಂತಿಗೆ ಕವಿದ ಮಂಕು: ಇವೆಲ್ಲ ಊಟ ಮಾಡಿ ಮಲಗಿದರೆ ಹೋಗುವಂಥವಲ್ಲ. ಹಿರಿಯರ ಪಂಚಾಯ್ತಿಗೆ ಗೊತ್ತಿರೋದು ಒಂದೇ ಮದ್ದು, ‘ಹೊಂದಿಕೊಂಡು ಹೋಗವ್ವ’ ಅನ್ನೋದು. ಅದೂ ಫಲಿಸದಿದ್ದರೆ ಪೊಲೀಸ್ ಠಾಣೆ, ಅದರ ಮುಂದೆ ಕೋರ್ಟು. ಈ ಎರಡರ ನಡುವೆ ಇರಬೇಕಾದ ಮೆಟ್ಟಿಲೇ ಆಪ್ತ ಸಮಾಲೋಚನೆ, ಜನರ ಬಾಯಲ್ಲಿ ಕೌನ್ಸೆಲಿಂಗ್. ಗಡಿ ಭಾಗದಲ್ಲಿ ಆ ಮೆಟ್ಟಿಲೇ ಇಲ್ಲದಂತಾಗಿದೆ.

ಇದು ಬರೀ ಗಡಿ ಊರುಗಳ ಕಥೆಯೂ ಅಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಎಂದು ಹೇಳಿತು. ಕಾಯಿಲೆ ಯಾವುದು ಅನ್ನೋದರ ಮೇಲೆ ಶೇ. 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದೂ ಅದೇ ಸಮೀಕ್ಷೆ ಲೆಕ್ಕ ಕೊಟ್ಟಿತು. ದೇಶದ ಪಾಡೇ ಹೀಗಿರುವಾಗ ರಾಜಧಾನಿಯಿಂದ ದೂರ, ಆಡಳಿತದ ಭಾಷೆಯಿಂದಲೂ ದೂರ ಇರುವ ಕನ್ನಡ ಸಂಸಾರಗಳ ಪಾಡು ಊಹಿಸೋದು ಕಷ್ಟವಲ್ಲ.

ಮೊದಲು ಕಾನೂನು ಏನು ಹೇಳುತ್ತದೆ ನೋಡಬೇಕು. ವಿವಾಹ ಮತ್ತು ಕುಟುಂಬ ಚಿಕಿತ್ಸಕ ಅನ್ನೋ ಹೆಸರಲ್ಲಿ ಪ್ರತ್ಯೇಕ ಲೈಸೆನ್ಸ್ ಭಾರತದಲ್ಲಿಲ್ಲ. ಈ ಕೆಲಸವನ್ನು ಹಲವರು ಹಂಚಿಕೊಂಡು ಮಾಡುತ್ತಿದ್ದಾರೆ: ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಸಮಾಲೋಚಕರು. ಕ್ಲಿನಿಕಲ್ ಸೈಕಾಲಜಿಸ್ಟರಿಗೆ 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯ ಅಡಿ ಇಡೀ ದೇಶಕ್ಕೆ ಒಂದೇ ರಿಜಿಸ್ಟರ್ ಇದೆ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ ತಿಂಗಳಲ್ಲಿ ಜಾರಿಗೆ ಬಂದದ್ದು, ಇನ್ನೊಂದು ಮೆಟ್ಟಿಲು ಸೇರಿಸಿತು. ಅದರ 55ನೇ ಕಲಂ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟರು, ಮಾನಸಿಕ ಆರೋಗ್ಯ ದಾದಿಯರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಆಯಾ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಹೆಸರು ಬರೆಸಬೇಕು. ರಾಜ್ಯಗಳು ಕೊಟ್ಟ ಪಟ್ಟಿಗಳನ್ನು ಕೂಡಿಸಿ ಕೇಂದ್ರ ಪ್ರಾಧಿಕಾರ ರಾಷ್ಟ್ರೀಯ ರಿಜಿಸ್ಟರ್ ಇಡಬೇಕು ಎಂದು 43ನೇ ಕಲಂ ಹೇಳುತ್ತದೆ. ಅಂದರೆ ಬಾಗಿಲು ರಾಜ್ಯದ್ದು, ಪುಸ್ತಕ ದೇಶದ್ದು. ಬಳ್ಳಾರಿಯಲ್ಲಿ ನೋಂದಣಿಯಾದವರು ರಾಯದುರ್ಗದಲ್ಲಿ ವಾರಕ್ಕೊಂದು ದಿನ ಕೂರಬೇಕೆಂದರೆ ಇನ್ನೊಂದು ಬಾಗಿಲು ತಟ್ಟಬೇಕು.

ಸಮಾಲೋಚಕರ ವಿಚಾರ ಇನ್ನೂ ತಡವಾಗಿ ಕಣ್ಣಿಗೆ ಬಿತ್ತು. 2021ರ ರಾಷ್ಟ್ರೀಯ ಸಂಯೋಜಿತ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗ ಕಾಯ್ದೆ ಸೈಕಾಲಜಿಸ್ಟರು, ಸಮಾಜ ಕಾರ್ಯಕರ್ತರು, ಕುಟುಂಬ ಯೋಜನಾ ಸಮಾಲೋಚಕರು ಮೊದಲಾದವರನ್ನು ವರ್ತನಾ ಆರೋಗ್ಯ ಅನ್ನೋ ಗುಂಪಿಗೆ ಸೇರಿಸಿತು. ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಪರಿಷತ್ತು, ಎರಡೂ ಕಡೆ ರಿಜಿಸ್ಟರ್ ಅನ್ನೋದು ಅದರ ಏರ್ಪಾಡು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ರಾಜ್ಯಗಳು ಕೈಕಟ್ಟಿ ಕೂತದ್ದನ್ನು ಕಂಡು, 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಎರಡು ತಿಂಗಳ ಗಡುವು ಹಾಕಿ ಕಾಯ್ದೆ ಜಾರಿ ಮಾಡಿ ಎಂದು ಹೇಳಬೇಕಾಯಿತು.

ಈ ಗೊಂದಲದಿಂದ ಲಾಭ ಯಾರಿಗೆ? ನೋಂದಣಿಯ ಗೊಡವೆಯೇ ಇಲ್ಲದವರಿಗೆ. ಓದಿ ಪರೀಕ್ಷೆ ಪಾಸಾದವರು ರಾಜ್ಯದ ಗೆರೆ ನೋಡಿ ಹಿಂದೆ ಸರಿಯುತ್ತಾರೆ. ಸಂಸಾರ ಸರಿ ಮಾಡುತ್ತೇವೆ, ಗಂಡನನ್ನು ವಶ ಮಾಡಿಕೊಡುತ್ತೇವೆ, ಮೂರು ದಿನದಲ್ಲಿ ಕುಡಿತ ಬಿಡಿಸುತ್ತೇವೆ ಅಂತ ಗೋಡೆಗೆ ಚೀಟಿ ಅಂಟಿಸುವವರಿಗೆ ಯಾವ ರಾಜ್ಯದ ಗೆರೆಯೂ ಇಲ್ಲ. ಅವರು ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ. ನಿಯಮ ಪಾಲಿಸುವವರನ್ನು ತಡೆದು, ಪಾಲಿಸದವರನ್ನು ಬಿಡುವ ವ್ಯವಸ್ಥೆ ಜನರನ್ನು ಕಾಯುತ್ತದೆ ಅಂತ ಹೇಳೋಕಾಗೋದಿಲ್ಲ.

ಇಲ್ಲಿ ಭಾಷೆಯ ಮಾತು ಬರುತ್ತದೆ. ಗಡಿ ಕನ್ನಡಿಗರಿಗೆ ತೆಲುಗು ಬರುವುದಿಲ್ಲವೇ ಅಂತ ಕೆಲವರು ಕೇಳಬಹುದು. ಬರುತ್ತದೆ. ರೇಷ್ಮೆಗೂಡು ಮಾರೋಕೆ, ಪಹಣಿ ಕೇಳೋಕೆ, ಬಸ್ಸಿನಲ್ಲಿ ಜಗಳ ಆಡೋಕೂ ಬರುತ್ತದೆ. ಆದರೆ ರಾತ್ರಿ ನಿದ್ದೆ ಬಾರದ ಕಾರಣ, ಗಂಡನ ಮೇಲಿನ ಭಯ, ಅತ್ತೆಯ ಮಾತು ನೆನೆಸಿದರೆ ಕಟ್ಟುವ ಗಂಟಲು, ಇವನ್ನು ಹೇಳೋದು ತಾಯಿಯ ಭಾಷೆಯಲ್ಲೇ. ರಾಯದುರ್ಗ ಕಡೆಯ ಹೆಣ್ಣುಮಗಳು ‘ಜೀವ ಸಾಕಾಗ್ಯದ’ ಅಂದರೆ ಅದು ಬರೀ ಸುಸ್ತೋ, ಸಾಯುವ ಯೋಚನೆಯೋ ಅಂತ ಅಳೆಯುವ ಕಿವಿ ಬೇಕು. ಮೂಳೆ ಮುರಿದರೆ ಎಕ್ಸ್‌ರೇ ಹೇಳುತ್ತದೆ. ಕೌನ್ಸೆಲಿಂಗ್‌ನಲ್ಲಿ ಮಾತೇ ಎಕ್ಸ್‌ರೇ, ಮಾತೇ ಔಷಧಿ. ನಡುವೆ ದುಭಾಷಿ ಕೂತರೆ ಅರ್ಧ ಮಾತು ಅಲ್ಲೇ ಉಳಿಯುತ್ತದೆ. ದುಭಾಷಿ ನೆಂಟನೋ ನೆರೆಯವನೋ ಆದರೆ ಮಾತೇ ಹೊರಡೋದಿಲ್ಲ.

ಕೋರ್ಟಿಗೆ ಹೋದ ಮೇಲೂ ಈ ಕಷ್ಟ ತಪ್ಪೋದಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಂ ಪ್ರಕಾರ ಅಲ್ಲಿ ವಕೀಲರನ್ನು ಇಟ್ಟುಕೊಳ್ಳೋದು ಹಕ್ಕಲ್ಲ. ಗಂಡ ಹೆಂಡತಿ ತಾವೇ ಮಾತಾಡಲಿ ಅನ್ನೋದು ಕಾಯ್ದೆಯ ಆಶಯ. ಮೊದಲು ರಾಜಿಗೆ ಪ್ರಯತ್ನಿಸಬೇಕು ಎಂದು 9ನೇ ಕಲಂ ಹೇಳುತ್ತದೆ, ಸಮಾಲೋಚಕರನ್ನು ನೇಮಿಸಬೇಕು ಎಂದು 6ನೇ ಕಲಂ ಹೇಳುತ್ತದೆ. ಎಲ್ಲ ಸರಿ. ಆದರೆ ಅಗಳಿಯ ಅಥವಾ ರೊಳ್ಳದ ಹೆಣ್ಣುಮಗಳು ತೆಲುಗು ಮಾತ್ರ ಬಲ್ಲ ಸಮಾಲೋಚಕರ ಮುಂದೆ ತಾನೇ ಮಾತಾಡಬೇಕು ಅಂದರೆ ಆಕೆ ಏನು ಹೇಳಿಯಾಳು? ಹೇಳಿದ್ದರಲ್ಲಿ ಎಷ್ಟು ಬರಹಕ್ಕೆ ಇಳಿದೀತು? ಜೀವನಾಂಶ, ಮಕ್ಕಳು ಯಾರ ಬಳಿ ಇರಬೇಕು ಅನ್ನೋ ತೀರ್ಮಾನಗಳು ಇಂಥ ಮಾತಿನ ಮೇಲೆ ನಿಂತಿರುತ್ತವೆ.

ಗಡಿ ದಾಟಿದ ಮದುವೆಗಳಿಗೆ ಇನ್ನೊಂದು ಗಂಟು ಇದೆ. 2003ರ ತಿದ್ದುಪಡಿ ಆದಮೇಲೆ ಹಿಂದೂ ವಿವಾಹ ಕಾಯ್ದೆಯ ಅಡಿ ಹೆಂಡತಿ ತಾನಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಗಂಡ ಇನ್ನೊಂದು ರಾಜ್ಯದಲ್ಲಿ ಹಾಕಿದರೆ ಕೇಸು ವರ್ಗಾಯಿಸಲು ದೆಹಲಿಯ ಸುಪ್ರೀಂ ಕೋರ್ಟಿಗೇ ಹೋಗಬೇಕು, ಹೈಕೋರ್ಟಿಗೆ ಆ ಅಧಿಕಾರವಿಲ್ಲ. 2017ರ ಅಕ್ಟೋಬರ್‌ನಲ್ಲಿ ಸಂತಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಒಂದು ಮಾತು ಹೇಳಿತು: ರಾಜಿ ಮಾತುಕತೆ ಮುಖಾಮುಖಿ ನಡೆಯಬೇಕು, ಅದು ಮುರಿದ ಮೇಲೆ ಇಬ್ಬರೂ ಒಪ್ಪಿದರೆ ಮಾತ್ರ ವಿಡಿಯೋ ಕಾನ್ಫರೆನ್ಸ್ ಆಗಬಹುದು ಎಂದು. ಮುಖ ನೋಡಿ ಮಾತಾಡೋದಕ್ಕೆ ದೇಶದ ದೊಡ್ಡ ಕೋರ್ಟು ಇಷ್ಟು ಬೆಲೆ ಕೊಟ್ಟಿರುವಾಗ, ಆ ಮಾತನ್ನು ಅರ್ಥ ಮಾಡಿಕೊಳ್ಳುವವರನ್ನು ಪಕ್ಕದ ತಾಲ್ಲೂಕಿನಿಂದ ಕರೆಸೋಕೆ ಯಾಕೆ ಇಷ್ಟು ಬಿಗಿ?

ಚರಿತ್ರೆ ಬಲ್ಲವರಿಗೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ರಾಯದುರ್ಗ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ, ಆದೋನಿ, ಆಲೂರು ಆ ಕಡೆ ಉಳಿದವು. ಮುಂದೆ 1985ರಿಂದ 1990ರವರೆಗೆ ನಿಮ್ಹಾನ್ಸ್ ಅದೇ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಮಾನಸಿಕ ಕಾಯಿಲೆ ಗುರುತಿಸಿ ಔಷಧಿ ಕೊಡುವ ಏರ್ಪಾಡು ಅದು. ‘ಬಳ್ಳಾರಿ ಮಾದರಿ’ ಅಂತ ದೇಶಕ್ಕೆಲ್ಲ ಹೆಸರಾಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಹದಿ. ದೇಶಕ್ಕೆ ದಾರಿ ತೋರಿಸಿದ ಕೆಲಸ ರಾಯದುರ್ಗದ ಹೊಸ್ತಿಲಲ್ಲೇ ನಡೆಯಿತು. ಆದರೆ ಊರು ಮಾತ್ರ ಜಿಲ್ಲೆಯ ಹೊರಗಾಗಿತ್ತು.

ಈಗಲೂ ಜನ ನಡೆಯುವ ದಾರಿ ಹಳೆಯದೇ. ರಾಯದುರ್ಗದಿಂದ ಬಳ್ಳಾರಿ ಸುಮಾರು 50 ಕಿಲೋಮೀಟರ್, ಅನಂತಪುರ ಹತ್ತಿರ ಹತ್ತಿರ ಅದರ ಎರಡು ಪಟ್ಟು. ಹುಷಾರಿಲ್ಲದವರನ್ನು ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗೆ, ಜನ ಇವತ್ತಿಗೂ ವಿಮ್ಸ್ ಅಂತಲೇ ಕರೆಯುವ ಆಸ್ಪತ್ರೆಗೆ, ಕರೆದೊಯ್ಯೋದು ರೂಢಿ. ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಜಿಲ್ಲಾ ಕೇಂದ್ರ ಪುಟ್ಟಪರ್ತಿ. ಆದರೆ ಅಗಳಿ, ಅಮರಾಪುರ, ರೊಳ್ಳ, ಗುಡಿಬಂಡೆ ಕಡೆಯವರ ಸಂತೆ, ನೆಂಟಸ್ತನ, ದವಾಖಾನೆ ಎಲ್ಲ ಶಿರಾ, ತುಮಕೂರು ದಿಕ್ಕಿಗೇ. ಸಣ್ಣ ಊರಿನಲ್ಲಿ ಇನ್ನೊಂದು ಅನುಕೂಲವೂ ಇದರಲ್ಲಿದೆ. ಊರಲ್ಲೇ ಕೌನ್ಸೆಲಿಂಗ್‌ಗೆ ಹೋದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತು. ಬಟ್ಟೆ ತರೋಕೆ ಬಳ್ಳಾರಿಗೆ ಹೋಗಿದ್ದೆ ಅಂದರೆ ಯಾರೂ ಮರುಪ್ರಶ್ನೆ ಕೇಳೋದಿಲ್ಲ. ಆದರೆ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು, ಗಂಡನನ್ನೂ ಒಪ್ಪಿಸಿಕೊಂಡು ತಿಂಗಳಿಗೆ ಎರಡು ಸಲ ಹೋಗೋದು ಎಷ್ಟು ಮನೆಗಳಿಗೆ ಸಾಧ್ಯ? ಬಳ್ಳಾರಿಯವರೇ ಬಂದು ಕೂತರೆ ಆ ಕಷ್ಟ ತಪ್ಪುತ್ತದೆ.

ಹೀಗೆ ಅನುಮತಿ ಕೊಡೋದು ಹೊಸ ಸಂಗತಿಯೇನೂ ಅಲ್ಲ. ಕರ್ನಾಟಕದ ಡ್ರೈವಿಂಗ್ ಲೈಸೆನ್ಸ್ ಮೋಟಾರು ವಾಹನ ಕಾಯ್ದೆಯ ಪ್ರಕಾರ ದೇಶದಾದ್ಯಂತ ನಡೆಯುತ್ತದೆ. ಗೆರೆ ದಾಟಿದ ಕೂಡಲೇ ಲಾರಿ ಡ್ರೈವರ್ ಮತ್ತೆ ಪರೀಕ್ಷೆ ಕೊಡೋದಿಲ್ಲ. ವಕೀಲರ ವಿಷಯ ನೋಡಿ. ಯಾವುದೇ ರಾಜ್ಯದಲ್ಲಿ ನೋಂದಣಿಯಾದ ವಕೀಲ ದೇಶದ ಯಾವ ಕೋರ್ಟಿನಲ್ಲೂ ವಾದಿಸಬಹುದು ಅನ್ನೋ 30ನೇ ಕಲಂ 1961ರ ವಕೀಲರ ಕಾಯ್ದೆಯಲ್ಲೇ ಇತ್ತು. ಜಾರಿಗೆ ಬಂದದ್ದು ಮಾತ್ರ 2011ರ ಜೂನ್ 15ಕ್ಕೆ, ಐವತ್ತು ವರ್ಷ ಕಳೆದ ಮೇಲೆ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿ, ನೋಂದಾಯಿತ ವೈದ್ಯರು ದೇಶದ ಯಾವ ಮೂಲೆಯ ರೋಗಿಗಾದರೂ ಸಲಹೆ ಕೊಡಬಹುದು ಎಂದು ಒಪ್ಪಿತು. ಅಂದರೆ ಗಂಡ ಹೆಂಡತಿಯನ್ನು ಬೇರೆ ಮಾಡುವ ಕೇಸು ನಡೆಸಲು ಬಳ್ಳಾರಿಯ ವಕೀಲರು ಅನಂತಪುರಕ್ಕೆ ಸಲೀಸಾಗಿ ಬರಬಹುದು, ಅವರನ್ನು ಕೂಡಿಸಬಲ್ಲ ಸಮಾಲೋಚಕರಿಗೆ ಮಾತ್ರ ದಾರಿ ಸ್ಪಷ್ಟವಿಲ್ಲ.

ಅಮೆರಿಕದಲ್ಲಿ ಈ ವೃತ್ತಿಗೇ ಪ್ರತ್ಯೇಕ ಲೈಸೆನ್ಸ್ ಇದೆ. ಕ್ಯಾಲಿಫೋರ್ನಿಯಾ 1963ರಲ್ಲೇ ಶುರು ಮಾಡಿತು. ಅಲ್ಲೂ ಲೈಸೆನ್ಸ್ ರಾಜ್ಯ ರಾಜ್ಯಕ್ಕೆ ಬೇರೆ. ಮನೆ ಬದಲಿಸಿದವರು ತಮ್ಮ ಚಿಕಿತ್ಸಕರನ್ನೂ ಬದಲಿಸಬೇಕಾದ ಕಷ್ಟ ಅಲ್ಲಿನ ಕನ್ನಡ ಮನೆಗಳಿಗೂ ಹೊಸದಲ್ಲ. 2019ರಲ್ಲಿ ಅರಿಜೋನಾ ರಾಜ್ಯ, ಬೇರೆ ರಾಜ್ಯದಲ್ಲಿ ಸರಿಯಾಗಿ ಲೈಸೆನ್ಸ್ ಪಡೆದು, ಶಿಸ್ತುಕ್ರಮ ಏನೂ ಇಲ್ಲದವರು ಬಂದು ನೆಲೆಸಿದರೆ ಮತ್ತೆ ಮೊದಲಿಂದ ಓದಿಸದೆ ಮಾನ್ಯತೆ ಕೊಡುವ ಕಾನೂನು ತಂದಿತು. ಆಮೇಲೆ ಹಲವು ರಾಜ್ಯಗಳು ಅದೇ ದಾರಿ ಹಿಡಿದವು. ಪೂರ್ತಿ ಬಾಗಿಲು ತೆಗೆದರು ಅಂತಲ್ಲ. ಹಳೆಯ ದಾಖಲೆ ನೋಡಿ, ಕಳಂಕ ಇಲ್ಲದಿದ್ದರೆ ಒಳಗೆ ಬಿಟ್ಟರು.

ಆಕ್ಷೇಪಣೆಗಳೂ ಇವೆ, ಅವನ್ನು ತಳ್ಳಿಹಾಕುವಂತಿಲ್ಲ. ಹೊರರಾಜ್ಯದವರು ತಪ್ಪು ಮಾಡಿದರೆ, ಮನೆಯ ಗುಟ್ಟು ಹೊರಗೆ ಹಾಕಿದರೆ, ದೂರು ಯಾರಿಗೆ ಕೊಡೋದು? ಸರಿಯಾದ ಪ್ರಶ್ನೆ. ಉತ್ತರವೂ ಇದೆ: ದೂರು ಕೊಡುವವರು ಎಲ್ಲಿದ್ದಾರೋ ಅಲ್ಲಿನ ಪ್ರಾಧಿಕಾರ ಅದನ್ನು ಸ್ವೀಕರಿಸಬೇಕು, ನೋಂದಣಿ ಕೊಟ್ಟ ಪ್ರಾಧಿಕಾರ ಕ್ರಮ ತೆಗೆದುಕೊಳ್ಳಬೇಕು, ಒಂದು ಕಡೆ ಹೆಸರು ಹೊಡೆದುಹಾಕಿದರೆ ಇನ್ನೊಂದು ಕಡೆಯೂ ಹೋಗಬೇಕು. ಎರಡನೆಯದು, ಎಲ್ಲ ಮನೆಯನ್ನೂ ಕೂಡಿಸಲೇಬೇಕು ಅನ್ನೋ ಹಟ. ಹೊಡೆತ ಬಡಿತ ಇರುವ ಮನೆಯಲ್ಲಿ ಕೌನ್ಸೆಲಿಂಗ್ ಹೆಸರಲ್ಲಿ ಹೆಣ್ಣುಮಗಳನ್ನು ಮತ್ತೆ ಹೊಡೆತಕ್ಕೆ ಒಪ್ಪಿಸುವುದು ರಾಜಿಯಲ್ಲ. ಅಂಥವರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಆ ಕಾಯ್ದೆಯ ಅಡಿ ಒಂದು ರಾಜ್ಯದ ಮ್ಯಾಜಿಸ್ಟ್ರೇಟರು ಕೊಟ್ಟ ಆದೇಶ ದೇಶದಾದ್ಯಂತ ಜಾರಿಯಾಗುತ್ತದೆ ಅನ್ನೋದು ಗಡಿ ಭಾಗದ ಪ್ರತಿ ಹೆಣ್ಣುಮಗಳಿಗೂ ಗೊತ್ತಿರಬೇಕು. ಇಂಥದ್ದನ್ನು ಗುರುತಿಸಿ ಸರಿಯಾದ ದಾರಿ ತೋರಿಸೋಕೂ ತರಬೇತಿ ಇದ್ದವರೇ ಬೇಕು.

ಇದು ಕನ್ನಡಿಗರು ಮಾತ್ರ ಕೇಳುವ ವರವೂ ಅಲ್ಲ. ಪಾವಗಡ ಕರ್ನಾಟಕದ್ದು, ಆದರೆ ಮೂರು ಕಡೆ ಆಂಧ್ರ ಸುತ್ತಿಕೊಂಡಿದೆ, ಮನೆಮಾತು ತೆಲುಗು ಇರುವ ಕುಟುಂಬಗಳು ಅಲ್ಲಿ ಬೇಕಾದಷ್ಟಿವೆ. ಬಳ್ಳಾರಿಯಲ್ಲೂ ಹಾಗೇ. ಹಿಂದೂಪುರದ ತೆಲುಗು ಸಮಾಲೋಚಕರು ಪಾವಗಡಕ್ಕೆ ಬಂದರೆ ಅಲ್ಲಿನ ತೆಲುಗು ಮನೆಗಳಿಗೂ ಅಷ್ಟೇ ಉಪಕಾರ. ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಇದು, ಯಾರೂ ಯಾರ ಮುಂದೆಯೂ ಸೋಲುವ ಪ್ರಶ್ನೆಯಿಲ್ಲ. ನೀರಿನ ಜಗಳದಂತೆ ಇದು ಹಂಚಿದರೆ ಕಡಿಮೆಯಾಗುವಂಥದ್ದಲ್ಲ.

ಆಗಬೇಕಾದ್ದು ದೊಡ್ಡ ಕೆಲಸವೂ ಅಲ್ಲ. ಎರಡೂ ರಾಜ್ಯಗಳ ಮಾನಸಿಕ ಆರೋಗ್ಯ ಪ್ರಾಧಿಕಾರಗಳು ಒಂದು ಒಪ್ಪಂದಕ್ಕೆ ಬರಲಿ: ಒಂದು ಕಡೆ ನೋಂದಣಿ ಇದ್ದು ದೂರು ಇಲ್ಲದವರಿಗೆ ಇನ್ನೊಂದು ಕಡೆ ಗೊತ್ತಾದ ದಿನಗಳೊಳಗೆ ಮಾನ್ಯತೆ. ಮೊದಲು ಗಡಿ ತಾಲ್ಲೂಕು, ಮಂಡಲಗಳಿಂದಲೇ ಶುರುವಾಗಲಿ. ರಿಜಿಸ್ಟರಿನಲ್ಲಿ ಸಮಾಲೋಚಕರಿಗೆ ಬರುವ ಭಾಷೆ ಯಾವುದು ಅಂತ ಒಂದು ಕಾಲಂ ಸೇರಲಿ. ಹೊಸ ಆಯೋಗದ ರಾಜ್ಯ ಪರಿಷತ್ತುಗಳು ಸಮಾಲೋಚಕರ ವಿಷಯದಲ್ಲೂ ಇದನ್ನೇ ಪಾಲಿಸಲಿ.

ಕಾಯ್ದೆ ತಿದ್ದುವ ತನಕ ಕಾಯಲೇಬೇಕು ಅಂತಲೂ ಇಲ್ಲ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಕಲಂ, ಕುಟುಂಬ ಕಲ್ಯಾಣದ ಕೆಲಸದಲ್ಲಿ ಪರಿಣತರಾದವರ ನೆರವನ್ನು ಕೋರ್ಟು ಪಡೆಯಬಹುದು ಎನ್ನುತ್ತದೆ. ಅವರು ಇಂಥದೇ ರಾಜ್ಯದವರಾಗಿರಬೇಕು ಅಂತ ಅದರಲ್ಲಿ ಬರೆದಿಲ್ಲ. ಅನಂತಪುರ, ಶ್ರೀ ಸತ್ಯಸಾಯಿ, ಬಳ್ಳಾರಿ, ತುಮಕೂರು ಜಿಲ್ಲೆಗಳ ಕಾನೂನು ಸೇವಾ ಪ್ರಾಧಿಕಾರಗಳು ಕನ್ನಡ, ತೆಲುಗು ಎರಡೂ ಬಲ್ಲ ಸಮಾಲೋಚಕರ ಒಂದು ಪಟ್ಟಿ ಮಾಡಿ ಕೋರ್ಟುಗಳಿಗೆ ಕೊಟ್ಟರೆ ಅರ್ಧ ಕೆಲಸ ಆದಂತೆ. ರಾಯದುರ್ಗ, ಮಡಕಶಿರಾದ ಶಾಸಕರು, ಬಳ್ಳಾರಿ, ಶಿರಾದ ಶಾಸಕರು ತಮ್ಮ ತಮ್ಮ ಸರ್ಕಾರಕ್ಕೆ ಒಂದೊಂದು ಪತ್ರ ಬರೆದರೂ ಫೈಲು ಅಲುಗಾಡೀತು.

ಅಲ್ಲಿಯ ತನಕ ಮನೆಗಳು ಕೈಕಟ್ಟಿ ಕೂರಬೇಕಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ದುಡ್ಡು ಬೇಡ, ಕನ್ನಡವೂ ಇದೆ. ಹೆಣ್ಣುಮಕ್ಕಳ ಸಹಾಯವಾಣಿ 181, ಪ್ರಾಣಾಪಾಯ ಇದ್ದರೆ 112. ಗಡಿ ದಾಟಿ ಕೌನ್ಸೆಲಿಂಗ್‌ಗೆ ಹೋಗುವವರು ಎದುರಿಗಿರುವವರನ್ನು ‘ನಿಮ್ಮ ನೋಂದಣಿ ನಂಬರು ಯಾವುದು’ ಅಂತ ಕೇಳೋದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಸರಿಯಾದವರು ಬೇಸರವಿಲ್ಲದೆ ತೋರಿಸುತ್ತಾರೆ.

1953ರಲ್ಲಿ ಗೆರೆ ಎಳೆದವರು ಜಿಲ್ಲೆ, ತಾಲ್ಲೂಕು, ಕಂದಾಯ ಹಂಚಿದರು. ಬೀಗತನವನ್ನು ಹಂಚಲಿಲ್ಲ, ಹಂಚೋಕೆ ಆಗುವಂಥದ್ದೂ ಅಲ್ಲ ಅದು. ಎಪ್ಪತ್ತು ವರ್ಷ ದಾಟಿದರೂ ಗಡಿ ಎರಡೂ ಕಡೆ ಹೆಣ್ಣು ಕೊಟ್ಟು ತರುತ್ತಲೇ ಇದ್ದಾರೆ. ಆ ಮನೆಗಳು ಕಷ್ಟದಲ್ಲಿ ಬಾಗಿಲು ತಟ್ಟಿದಾಗ, ತಮ್ಮ ಮಾತು ಬಲ್ಲ, ಓದಿ ಬಂದ ಒಬ್ಬರು ಒಳಗಿರಬೇಕು. ಎರಡು ಸರ್ಕಾರಗಳಿಂದ ಗಡಿಯ ಸಂಸಾರಗಳು ಕೇಳುತ್ತಿರೋದು ಇಷ್ಟೇ.